ತುರ್ತು ಪುನಶ್ಚೇತನದಲ್ಲಿ ತಂಡದ ಕಾರ್ಯ ಮತ್ತು ಸಂವಹನ

ತುರ್ತು ಪುನಶ್ಚೇತನದಲ್ಲಿ ತಂಡದ ಕಾರ್ಯ ಮತ್ತು ಸಂವಹನ ಎಂಬುದು, ಹೃದಯ ಬಡಿತ ಅಥವಾ ಉಸಿರಾಟ ಹಠಾತ್ತನೆ ನಿಂತ ವ್ಯಕ್ತಿಯನ್ನು ಉಳಿಸಲು ಹಲವರು ಒಟ್ಟಾಗಿ ಪ್ರಯತ್ನಿಸುವಾಗ ಅವರು ಕೆಲಸ ಹಂಚಿಕೊಳ್ಳುವ, ಪರಸ್ಪರ ಮಾಹಿತಿ ತಿಳಿಸುವ ಮತ್ತು ತೀರ್ಮಾನ ಕೈಗೊಳ್ಳುವ ಕ್ರಮವನ್ನು ಕುರಿತ ವಿಷಯ. ತುರ್ತು ವೈದ್ಯಕೀಯ, ಅರಿವಳಿಕೆ ಶಾಸ್ತ್ರ ಮತ್ತು ಶುಶ್ರೂಷಾ ಶಿಕ್ಷಣದಲ್ಲಿ ಇದು ಒಂದು ಪ್ರತ್ಯೇಕ ಪಾಠಭಾಗವಾಗಿದೆ. ಎದೆಯನ್ನು ಒತ್ತುವುದು, ಕೃತಕ ಉಸಿರಾಟ ನೀಡುವುದು, ವಿದ್ಯುದಾಘಾತ ಕೊಡುವುದು, ಔಷಧಿ ಚುಚ್ಚುವುದು ಮೊದಲಾದವು ತಾಂತ್ರಿಕ ಕೌಶಲಗಳೆನಿಸಿದರೆ, ನಾಯಕತ್ವ, ಪಾತ್ರಗಳ ಹಂಚಿಕೆ, ಸ್ಪಷ್ಟವಾದ ಮಾತು, ಪರಿಸ್ಥಿತಿಯ ಅರಿವು ಇವುಗಳನ್ನು ತಾಂತ್ರಿಕೇತರ ಕೌಶಲಗಳು ಎಂದು ಕರೆಯಲಾಗುತ್ತದೆ.

ಕೋಣೆಯಲ್ಲಿ ಇರುವ ಯಾರೋ ಒಬ್ಬರಿಗೆ ಸರಿಯಾದ ಉತ್ತರ ತಿಳಿದಿದ್ದರೂ ಅದು ನಿರ್ಧಾರ ಕೈಗೊಳ್ಳುವವರ ಕಿವಿಗೆ ತಲುಪದಿದ್ದರೆ ರೋಗಿಗೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ತಂಡದ ವ್ಯವಸ್ಥೆ ಮತ್ತು ಸಂವಹನವನ್ನು ಚಿಕಿತ್ಸೆಯ ಹೊರಗಿನ ಶಿಷ್ಟಾಚಾರವೆಂದಲ್ಲದೆ ಚಿಕಿತ್ಸೆಯದೇ ಅಂಗವೆಂದು ಇಂದಿನ ಮಾರ್ಗಸೂಚಿಗಳು ಪರಿಗಣಿಸುತ್ತವೆ.

## ಹಿನ್ನೆಲೆ

ಹೃದಯಸ್ತಂಭನವಾದಾಗ ದೇಹದಲ್ಲಿ ರಕ್ತಸಂಚಾರ ನಿಲ್ಲುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಕೆಲವು ನಿಮಿಷಗಳಲ್ಲಿ ಆಮ್ಲಜನಕದ ಕೊರತೆಯಿಂದ ಮೆದುಳಿನ ಜೀವಕೋಶಗಳಿಗೆ ಹಾನಿಯಾಗತೊಡಗುತ್ತದೆ. ಈ ಅವಧಿಯಲ್ಲಿ ಎದೆಯನ್ನು ಒತ್ತಿ ರಕ್ತಸಂಚಾರವನ್ನು ಕೃತಕವಾಗಿ ನಡೆಸುವ ಮತ್ತು ಉಸಿರಾಟಕ್ಕೆ ನೆರವಾಗುವ ವಿಧಾನಕ್ಕೆ ಹೃದಯ-ಶ್ವಾಸಕೋಶ ಪುನಶ್ಚೇತನ ಎಂದು ಹೆಸರು. ಇದು ಸಿಪಿಆರ್ ಎಂಬ ಹ್ರಸ್ವರೂಪದಲ್ಲಿ ಹೆಚ್ಚು ಪರಿಚಿತವಾಗಿದೆ.

ವಯಸ್ಕರಿಗೆ ಸಿಪಿಆರ್ ನೀಡುವಾಗ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆಯನ್ನು ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆ ಪೂರ್ತಿಯಾಗಿ ಮೇಲೇಳಲು ಬಿಡಬೇಕು. ಶ್ವಾಸನಾಳಕ್ಕೆ ಕೊಳವೆ ಹಾಕಿಲ್ಲದಿದ್ದಾಗ 30 ಒತ್ತುಗಳಿಗೆ 2 ಉಸಿರು ಎಂಬುದು ಕ್ರಮ. ನಡುವಿನ ಯಾವುದೇ ವಿರಾಮ 10 ಸೆಕೆಂಡು ಮೀರಬಾರದು. ಒತ್ತುವುದು ನಿಂತ ಕೂಡಲೇ ಹೃದಯದ ಸ್ವಂತ ರಕ್ತನಾಳಗಳಲ್ಲಿನ ಒತ್ತಡ ಕುಸಿಯುತ್ತದೆ. ಮತ್ತೆ ಆರಂಭಿಸಿದಾಗ ಹಲವು ಒತ್ತುಗಳ ನಂತರವೇ ಅದು ಹಿಂದಿನ ಮಟ್ಟಕ್ಕೆ ಬರುತ್ತದೆ. ಹೀಗಾಗಿ ಚಿಕ್ಕದಾಗಿ ಕಾಣುವ ವಿರಾಮಗಳೂ ದುಬಾರಿಯಾಗುತ್ತವೆ.

ಈ ನಿಯಮಗಳನ್ನು ಒಬ್ಬರೇ ಬಹಳ ಹೊತ್ತು ಪಾಲಿಸಲಾರರು. ಎದೆಯೊತ್ತುವಿಕೆ ಶ್ರಮದ ಕೆಲಸ. ಒಂದೆರಡು ನಿಮಿಷಗಳಲ್ಲಿಯೇ ಒತ್ತಿನ ಆಳ ಕಡಿಮೆಯಾಗತೊಡಗುತ್ತದೆ. ಒತ್ತುತ್ತಿರುವವರಿಗೆ ಅದು ಅನೇಕ ವೇಳೆ ಅರಿವಿಗೆ ಬರುವುದಿಲ್ಲ. ಆದ್ದರಿಂದ ಪ್ರತಿ 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕೆಂಬ ನಿಯಮವಿದೆ. ಆ 2 ನಿಮಿಷವನ್ನು ಲೆಕ್ಕ ಹಾಕಲು ಒಬ್ಬರು ಬೇಕು, ಆಳ ಕಡಿಮೆಯಾಗಿದ್ದರೆ ಹೇಳಲು ಒಬ್ಬರು ಬೇಕು, ಬದಲಾಗಿ ನಿಲ್ಲಲು ಮತ್ತೊಬ್ಬರು ಸಿದ್ಧರಿರಬೇಕು. ಉತ್ತಮ ಸಿಪಿಆರ್ ಎಂಬುದೇ ತಂಡದ ಕೆಲಸವಾಗಿರುವುದಕ್ಕೆ ಇದು ಸರಳ ಉದಾಹರಣೆ.

## ಇತಿಹಾಸ

### ಆಧುನಿಕ ಸಿಪಿಆರ್

1950ರ ದಶಕದಲ್ಲಿ ಅಮೆರಿಕದ ಜೇಮ್ಸ್ ಎಲಾಮ್ ಮತ್ತು ಪೀಟರ್ ಸಫಾರ್ ಅವರು ಬಾಯಿಯಿಂದ ಬಾಯಿಗೆ ಉಸಿರು ನೀಡುವ ವಿಧಾನದ ಪರಿಣಾಮವನ್ನು ತೋರಿಸಿಕೊಟ್ಟರು. 1960ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಅವರು ಎದೆಯನ್ನು ತೆರೆಯದೆ, ಹೊರಗಿನಿಂದಲೇ ಒತ್ತಿ ರಕ್ತಸಂಚಾರ ನಡೆಸುವ ಕ್ರಮವನ್ನು ಪ್ರಕಟಿಸಿದರು. ಇವೆರಡೂ ಸೇರಿ ಆಧುನಿಕ ಸಿಪಿಆರ್ ರೂಪುಗೊಂಡಿತು. ಅದೇ ವರ್ಷ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ತರಬೇತಿಗಾಗಿ ‘ರೆಸುಸಿ ಆನ್’ ಎಂಬ ಗೊಂಬೆಯನ್ನು ಹೊರತಂದರು. ಆರಂಭದ ದಶಕಗಳ ತರಬೇತಿಯಲ್ಲಿ ವ್ಯಕ್ತಿಯೊಬ್ಬರ ಕೈಚಳಕಕ್ಕೆ ಪ್ರಾಧಾನ್ಯವಿತ್ತು. ತಂಡ ಹೇಗೆ ಮಾತನಾಡಬೇಕು ಎಂಬ ಪ್ರಶ್ನೆ ಮುನ್ನೆಲೆಗೆ ಬಂದದ್ದು ವಿಮಾನಯಾನ ಕ್ಷೇತ್ರದ ಅನುಭವದ ನಂತರ.

### ವಿಮಾನಯಾನದ ಪಾಠ

1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳ ಟೆನೆರಿಫ್ ವಿಮಾನ ನಿಲ್ದಾಣದ ಓಡುದಾರಿಯಲ್ಲಿ ಕೆಎಲ್ಎಂ ಮತ್ತು ಪ್ಯಾನ್ ಆಮ್ ಸಂಸ್ಥೆಗಳ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಮಂದಿ ಮೃತಪಟ್ಟರು. ದಟ್ಟ ಮಂಜು ಕವಿದಿತ್ತು. ಕೆಎಲ್ಎಂ ವಿಮಾನ ಮೇಲೇರಲು ಓಡತೊಡಗಿದಾಗ ಅದರ ಫ್ಲೈಟ್ ಎಂಜಿನಿಯರ್, ಮತ್ತೊಂದು ವಿಮಾನ ಇನ್ನೂ ದಾರಿಯಲ್ಲೇ ಇದೆಯೇ ಎಂದು ಸಂಶಯದಿಂದ ಕೇಳಿದ್ದರು. ಹಿರಿಯರಾದ ಕ್ಯಾಪ್ಟನ್ ಅದನ್ನು ತಳ್ಳಿಹಾಕಿ ಮುಂದುವರಿದರು. ಎಂಜಿನಿಯರ್ ಮತ್ತೆ ಒತ್ತಾಯಿಸಲಿಲ್ಲ.

ಈ ಬಗೆಯ ಅಪಘಾತಗಳ ಅಧ್ಯಯನದ ಫಲವಾಗಿ 1979ರಲ್ಲಿ ನಾಸಾ ಸಂಸ್ಥೆ ನಡೆಸಿದ ಕಾರ್ಯಾಗಾರದಿಂದ ವಿಮಾನ ಸಿಬ್ಬಂದಿಯ ಸಂಪನ್ಮೂಲ ನಿರ್ವಹಣೆ ಎಂಬ ತರಬೇತಿ ಕ್ರಮ ಬೆಳೆಯಿತು. ಕಿರಿಯರು ಸಂಶಯವನ್ನು ಸ್ಪಷ್ಟವಾಗಿ ಹೇಳುವುದು ಮತ್ತು ಹಿರಿಯರು ಅದಕ್ಕೆ ಕಿವಿಗೊಡುವುದು ಇದರ ತಿರುಳು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರಿವಳಿಕೆ ತಜ್ಞ ಡೇವಿಡ್ ಗಾಬಾ ಮತ್ತು ಅವರ ಸಹೋದ್ಯೋಗಿಗಳು ಇದೇ ಕ್ರಮವನ್ನು ಶಸ್ತ್ರಚಿಕಿತ್ಸಾ ಕೊಠಡಿಯ ಬಿಕ್ಕಟ್ಟುಗಳಿಗೆ ಅಳವಡಿಸಿದರು. ಅಲ್ಲಿಂದ ಇದು ತುರ್ತು ಚಿಕಿತ್ಸೆ ಮತ್ತು ತೀವ್ರ ನಿಗಾ ಘಟಕಗಳಿಗೂ ಹಬ್ಬಿತು. 2006ರಲ್ಲಿ ಅಮೆರಿಕ ಸರ್ಕಾರ ‘ಟೀಮ್‌ಸ್ಟೆಪ್ಸ್’ ಎಂಬ ತರಬೇತಿ ಕಾರ್ಯಕ್ರಮವನ್ನು ಆಸ್ಪತ್ರೆಗಳಿಗಾಗಿ ಬಿಡುಗಡೆ ಮಾಡಿತು.

### ಬ್ರೊಮಿಲಿ ಪ್ರಕರಣ

ವೈದ್ಯಕೀಯ ತಂಡಗಳ ತರಬೇತಿಯಲ್ಲಿ ಪದೇಪದೇ ಉಲ್ಲೇಖವಾಗುವ ಘಟನೆಯೊಂದು 2005ರಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಇಲೇನ್ ಬ್ರೊಮಿಲಿ ಎಂಬ ಮಹಿಳೆ ಸೈನಸ್ ಸಂಬಂಧಿ ಸಾಮಾನ್ಯ ಶಸ್ತ್ರಚಿಕಿತ್ಸೆಗಾಗಿ ದಾಖಲಾಗಿದ್ದರು. ಅರಿವಳಿಕೆ ನೀಡಿದ ಬಳಿಕ ಶ್ವಾಸಮಾರ್ಗ ಮುಚ್ಚಿಕೊಂಡು, ಶ್ವಾಸಕೋಶಕ್ಕೆ ಆಮ್ಲಜನಕ ತಲುಪಿಸುವುದು ಅಸಾಧ್ಯವಾಯಿತು. ಅನುಭವಿಗಳಾದ ಮೂವರು ತಜ್ಞವೈದ್ಯರು ಅಲ್ಲಿದ್ದರು. ಅವರು ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಹಾಕುವ ಪ್ರಯತ್ನವನ್ನು ಮತ್ತೆ ಮತ್ತೆ ಮಾಡುತ್ತ ಹೋದರು. ಇಂತಹ ಸಂದರ್ಭದಲ್ಲಿ ಕೊರಳಿನ ಮುಂಭಾಗದಿಂದ ಶ್ವಾಸನಾಳಕ್ಕೆ ದಾರಿ ಮಾಡಬೇಕೆಂಬುದು ಆಗಲೇ ಅಂಗೀಕೃತವಾಗಿದ್ದ ನಿಯಮವಾಗಿತ್ತು.

ಕೋಣೆಯಲ್ಲಿದ್ದ ದಾದಿಯೊಬ್ಬರು ಅದಕ್ಕೆ ಬೇಕಾದ ಸಲಕರಣೆಗಳನ್ನು ತಂದು, ಅವು ಸಿದ್ಧವಿವೆ ಎಂದು ತಿಳಿಸಿದರು. ಮತ್ತೊಬ್ಬರು ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಕಾದಿರಿಸಿದರು. ಆದರೆ ಅದು ಅತಿರೇಕವೆಂಬ ಪ್ರತಿಕ್ರಿಯೆಯನ್ನು ವೈದ್ಯರ ಮುಖದಲ್ಲಿ ಕಂಡು ಅದನ್ನು ರದ್ದುಗೊಳಿಸಿದರು. ಏನು ಮಾಡಬೇಕೆಂಬುದು ದಾದಿಯರಿಗೆ ಹೊಳೆದಿತ್ತು. ಅದನ್ನು ಹಿರಿಯರ ಗಮನಕ್ಕೆ ಬರುವಂತೆ ಹೇಳುವ ದಾರಿ ಅವರಿಗೆ ಕಾಣಲಿಲ್ಲ. ಸುದೀರ್ಘ ಕಾಲ ಆಮ್ಲಜನಕವಿಲ್ಲದೆ ಮೆದುಳಿಗೆ ತೀವ್ರ ಹಾನಿಯಾಗಿ, 13 ದಿನಗಳ ನಂತರ ಇಲೇನ್ ನಿಧನರಾದರು.

ಅವರ ಪತಿ ಮಾರ್ಟಿನ್ ಬ್ರೊಮಿಲಿ ವಿಮಾನ ಚಾಲಕರು. ತಮ್ಮ ವೃತ್ತಿಯಲ್ಲಿ ಅಪಘಾತದ ನಂತರ ತನಿಖೆ ನಡೆಯುವುದು ಕಲಿಕೆಗಾಗಿ ಎಂಬುದನ್ನು ಅರಿತಿದ್ದ ಅವರು ಇಲ್ಲಿಯೂ ಸ್ವತಂತ್ರ ಪರಿಶೀಲನೆಗೆ ಒತ್ತಾಯಿಸಿದರು. ವ್ಯಕ್ತಿಗಳನ್ನು ದೂಷಿಸುವುದಕ್ಕಿಂತ, ನುರಿತ ಜನ ಒಟ್ಟಿಗೆ ಸೇರಿದ್ದೂ ಹೀಗೇಕಾಯಿತು ಎಂಬುದನ್ನು ಅರಿಯುವುದು ಮುಖ್ಯವೆಂಬುದು ಅವರ ನಿಲುವಾಗಿತ್ತು. 2007ರಲ್ಲಿ ಅವರು ‘ಕ್ಲಿನಿಕಲ್ ಹ್ಯೂಮನ್ ಫ್ಯಾಕ್ಟರ್ಸ್ ಗ್ರೂಪ್’ ಎಂಬ ಸಂಘಟನೆಯನ್ನು ಸ್ಥಾಪಿಸಿದರು. ಅವರು ನಿರೂಪಿಸಿದ ‘ಜಸ್ಟ್ ಎ ರೂಟೀನ್ ಆಪರೇಷನ್’ ಎಂಬ ಕಿರುಚಿತ್ರವನ್ನು ಹಲವು ದೇಶಗಳ ವೈದ್ಯಕೀಯ ತರಬೇತಿಯಲ್ಲಿ ಬಳಸಲಾಗುತ್ತಿದೆ.

## ತಂಡದ ರಚನೆ ಮತ್ತು ಪಾತ್ರಗಳು

ಆಸ್ಪತ್ರೆಯೊಳಗೆ ಹೃದಯಸ್ತಂಭನ ಸಂಭವಿಸಿದಾಗ ‘ಕೋಡ್ ಬ್ಲೂ’ ಎಂಬ ಸಂಕೇತವನ್ನು ಘೋಷಿಸಿ ಪುನಶ್ಚೇತನ ತಂಡವನ್ನು ಕರೆಸುವ ಪದ್ಧತಿ ಅನೇಕ ಕಡೆ ಇದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ತರಬೇತಿಯಲ್ಲಿ ಸಾಮಾನ್ಯವಾಗಿ ಆರು ಪಾತ್ರಗಳನ್ನು ಗುರುತಿಸಲಾಗುತ್ತದೆ.

* ತಂಡದ ನಾಯಕ: ಒಟ್ಟು ಪರಿಸ್ಥಿತಿಯನ್ನು ಗಮನಿಸಿ, ಪಾತ್ರಗಳನ್ನು ಹಂಚಿ, ಚಿಕಿತ್ಸೆಯ ನಿರ್ಧಾರ ಕೈಗೊಳ್ಳುವವರು.
* ಎದೆಯೊತ್ತುವವರು: ನಿಗದಿತ ವೇಗ ಮತ್ತು ಆಳದಲ್ಲಿ ಎದೆಯನ್ನು ಒತ್ತುವವರು. ಪ್ರತಿ 2 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ.
* ಡಿಫಿಬ್ರಿಲೇಟರ್ ನಿರ್ವಾಹಕ: ಹೃದಯದ ಲಯವನ್ನು ತೋರಿಸುವ ಯಂತ್ರವನ್ನು ಜೋಡಿಸಿ, ಅಗತ್ಯವಿದ್ದಾಗ ವಿದ್ಯುದಾಘಾತ ನೀಡುವವರು. ಇವರು ಮತ್ತು ಎದೆಯೊತ್ತುವವರು ಸರದಿ ಬದಲಿಸಿಕೊಳ್ಳುವುದು ರೂಢಿ.
* ಶ್ವಾಸಮಾರ್ಗದ ಹೊಣೆ ಹೊತ್ತವರು: ರೋಗಿಯ ತಲೆಯ ಬಳಿ ನಿಂತು ಉಸಿರಾಟವನ್ನು ನೋಡಿಕೊಳ್ಳುವವರು.
* ಔಷಧಿ ನೀಡುವವರು: ರಕ್ತನಾಳಕ್ಕೆ ಸೂಜಿ ಹಾಕಿ, ನಾಯಕನ ಸೂಚನೆಯಂತೆ ಔಷಧಿ ಕೊಡುವವರು.
* ಸಮಯಪಾಲಕ ಮತ್ತು ದಾಖಲೆಗಾರ: ಔಷಧಿ, ವಿದ್ಯುದಾಘಾತ ಮತ್ತು ವಿರಾಮಗಳ ಸಮಯವನ್ನು ಬರೆದಿಟ್ಟು, ಮುಂದಿನ ಹಂತದ ಸಮಯ ಬಂದಾಗ ಗಟ್ಟಿಯಾಗಿ ತಿಳಿಸುವವರು.

ಆರು ಜನ ಇಲ್ಲದ ಕಡೆ ಒಬ್ಬರೇ ಎರಡು ಪಾತ್ರ ವಹಿಸಬೇಕಾಗುತ್ತದೆ. ಜನ ಹೆಚ್ಚಾದರೆ ಬೇರೆ ತೊಂದರೆ ಉಂಟಾಗುತ್ತದೆ: ಸದ್ದು ಹೆಚ್ಚಿ ಸೂಚನೆಗಳು ಕೇಳಿಸುವುದಿಲ್ಲ, ಯಾರ ಕೆಲಸ ಯಾವುದೆಂಬುದು ತಿಳಿಯುವುದಿಲ್ಲ. ಪಾತ್ರವಿಲ್ಲದವರನ್ನು ವಿನಯದಿಂದ ಹೊರಗೆ ಕಳಿಸುವುದು ಸಹ ನಾಯಕನ ಕೆಲಸಗಳಲ್ಲಿ ಒಂದು.

ಪಾತ್ರ ಒಪ್ಪಿಕೊಳ್ಳುವವರು ತಮ್ಮ ಸಾಮರ್ಥ್ಯದ ಮಿತಿಯನ್ನು ಮುಂಚೆಯೇ ಹೇಳಬೇಕು. ಕೊಳವೆ ಹಾಕಿದ ಅನುಭವವಿಲ್ಲದವರು ಸಂಕೋಚದಿಂದ ಆ ಕೆಲಸಕ್ಕೆ ಕೈಹಾಕಿದರೆ ಅಮೂಲ್ಯವಾದ ಸಮಯ ಹಾಳಾಗುತ್ತದೆ. ‘ಇದನ್ನು ನಾನು ಮಾಡಿಲ್ಲ, ಬೇರೆಯವರು ಬೇಕು’ ಎಂದು ಹೇಳುವುದನ್ನು ತಂಡದ ಶಿಸ್ತಿನ ಭಾಗವೆಂದು ತರಬೇತಿಯಲ್ಲಿ ಕಲಿಸಲಾಗುತ್ತದೆ.

## ನಾಯಕತ್ವ

ನಾಯಕರು ಸಾಧ್ಯವಾದಷ್ಟೂ ಯಾವುದೇ ಕೈಕೆಲಸಕ್ಕೆ ತೊಡಗದೆ, ಹಾಸಿಗೆಯ ಕಾಲಿನ ಬದಿಯಲ್ಲಿ ನಿಲ್ಲಬೇಕೆಂದು ಸಲಹೆ ನೀಡಲಾಗುತ್ತದೆ. ಅಲ್ಲಿಂದ ರೋಗಿ, ತಂಡ ಮತ್ತು ಯಂತ್ರದ ಪರದೆ ಮೂರೂ ಕಾಣುತ್ತವೆ. ಸೂಜಿ ಚುಚ್ಚುವುದರಲ್ಲಿಯೋ ಕೊಳವೆ ಹಾಕುವುದರಲ್ಲಿಯೋ ತೊಡಗಿದವರ ದೃಷ್ಟಿ ಆ ಒಂದು ಕೆಲಸಕ್ಕೆ ಸೀಮಿತವಾಗುತ್ತದೆ. ಬ್ರಿಟನ್ನಿನ ಕೂಪರ್ ಮತ್ತು ವೇಕ್‌ಲಮ್ 1999ರಲ್ಲಿ ಪ್ರಕಟಿಸಿದ ಅಧ್ಯಯನವು, ನಾಯಕರು ಸ್ವತಃ ಕೈಕೆಲಸಕ್ಕೆ ಇಳಿದಾಗ ತಂಡದ ವ್ಯವಸ್ಥೆ ದುರ್ಬಲವಾಗುವುದನ್ನು ಗುರುತಿಸಿತು. ಎಲ್ಲರಿಗೂ ಕಾಣುವಂತೆ ನಿಂತು ದಾರಿ ತೋರುವ ಈ ಬಗೆಯ ನಾಯಕತ್ವವನ್ನು ಅವರು ದೀಪಸ್ತಂಭಕ್ಕೆ ಹೋಲಿಸಿದರು.

ಸ್ವಿಟ್ಜರ್ಲೆಂಡಿನ ಸಂಶೋಧಕರು ವೈದ್ಯಕೀಯ ವಿದ್ಯಾರ್ಥಿಗಳ ತಂಡಗಳನ್ನು ಗೊಂಬೆಯ ಮೇಲಿನ ಅಣಕು ಸನ್ನಿವೇಶದಲ್ಲಿ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ನಾಯಕತ್ವದ ಬಗ್ಗೆ, ಇನ್ನೊಂದು ಗುಂಪಿಗೆ ಕೈಕೆಲಸದ ಬಗ್ಗೆ ಚುಟುಕಾದ ಸೂಚನೆ ನೀಡಲಾಗಿತ್ತು. ಕೆಲವು ತಿಂಗಳ ನಂತರ ಮತ್ತೆ ಪರೀಕ್ಷಿಸಿದಾಗ, ನಾಯಕತ್ವದ ಸೂಚನೆ ಪಡೆದ ಗುಂಪು ಸಿಪಿಆರ್ ನಿರ್ವಹಣೆಯಲ್ಲಿ ಮೇಲುಗೈ ಸಾಧಿಸಿತು.

ನಾಯಕ ಯಾರೆಂಬುದು ಮೊದಲ ಕ್ಷಣದಲ್ಲೇ ಎಲ್ಲರಿಗೂ ತಿಳಿಯಬೇಕು. ‘ಈ ತಂಡವನ್ನು ನಾನು ಮುನ್ನಡೆಸುತ್ತಿದ್ದೇನೆ’ ಎಂದು ಗಟ್ಟಿಯಾಗಿ ಹೇಳುವುದು ಇದಕ್ಕೆ ಸರಳ ಮಾರ್ಗ. ಹೆಚ್ಚು ಅನುಭವಿಗಳು ಬಳಿಕ ಬಂದು ಹೊಣೆ ವಹಿಸಿಕೊಂಡರೆ ಅದನ್ನೂ ಹಾಗೆಯೇ ಘೋಷಿಸಬೇಕು. ಇಲ್ಲದಿದ್ದರೆ ಇಬ್ಬರು ನಾಯಕರಿಂದ ಎರಡು ಬಗೆಯ ಸೂಚನೆಗಳು ಹೊರಡುತ್ತವೆ.

## ಸಂವಹನದ ವಿಧಾನಗಳು

### ಮರುನುಡಿಯ ಸಂವಹನ

ಹೇಳಿದ್ದು ಕೇಳಿಸಿತೇ, ಕೇಳಿದ್ದು ನೆರವೇರಿತೇ ಎಂಬೆರಡನ್ನೂ ಖಚಿತಪಡಿಸಿಕೊಳ್ಳುವ ಕ್ರಮಕ್ಕೆ ‘ಕ್ಲೋಸ್ಡ್ ಲೂಪ್’ ಸಂವಹನ ಎಂದು ಹೆಸರು. ಇದರಲ್ಲಿ ಮೂರು ಹಂತಗಳಿವೆ. ಮೊದಲಿಗೆ ನಾಯಕರು ಹೆಸರು ಹಿಡಿದು ಸೂಚನೆ ಕೊಡುತ್ತಾರೆ. ಕೇಳಿದವರು ಅದನ್ನು ಮರುನುಡಿಯುತ್ತಾರೆ. ಕೆಲಸ ಮುಗಿದ ಮೇಲೆ ಮುಗಿಯಿತೆಂದು ತಿಳಿಸುತ್ತಾರೆ. ಉದಾಹರಣೆಗೆ:

— ಸಿಸ್ಟರ್ ಲತಾ, ಅಡ್ರಿನಲಿನ್ ಒಂದು ಮಿಲಿಗ್ರಾಂ, ರಕ್ತನಾಳಕ್ಕೆ ಕೊಡಿ.
— ಅಡ್ರಿನಲಿನ್ ಒಂದು ಮಿಲಿಗ್ರಾಂ, ರಕ್ತನಾಳಕ್ಕೆ. ಕೊಡುತ್ತಿದ್ದೇನೆ ಡಾಕ್ಟರ್.
— ಅಡ್ರಿನಲಿನ್ ಒಂದು ಮಿಲಿಗ್ರಾಂ ಕೊಟ್ಟಾಯಿತು, ಸಮಯ 10 ಗಂಟೆ 42 ನಿಮಿಷ.

ಇಲ್ಲಿ ಹೆಸರು ಹಿಡಿದು ಕರೆಯುವುದಕ್ಕೆ ವಿಶೇಷ ಮಹತ್ವವಿದೆ. ಭಾರತದ ಆಸ್ಪತ್ರೆಗಳಲ್ಲಿ ದಾದಿಯರನ್ನು ‘ಸಿಸ್ಟರ್’ ಎಂದಷ್ಟೇ ಕರೆಯುವುದು ರೂಢಿ. ನಾಲ್ವರು ದಾದಿಯರಿರುವ ಕಡೆ ‘ಸಿಸ್ಟರ್, ಅಡ್ರಿನಲಿನ್ ಕೊಡಿ’ ಎಂದರೆ, ಬೇರೆಯವರು ಕೊಡುತ್ತಾರೆಂದು ಎಲ್ಲರೂ ಸುಮ್ಮನಿರಬಹುದು ಅಥವಾ ಇಬ್ಬರು ಒಟ್ಟಿಗೆ ಕೊಟ್ಟುಬಿಡಬಹುದು. ಹೆಸರು ತಿಳಿಯದಿದ್ದರೆ ನೇರವಾಗಿ ನೋಡಿ, ಕೈತೋರಿ ಹೇಳಬೇಕು.

ಔಷಧಿಯ ಪ್ರಮಾಣವನ್ನು ಮಿಲಿಗ್ರಾಂನಂತಹ ಏಕಮಾನದ ಸಹಿತ ಹೇಳುವುದು ಕಡ್ಡಾಯವೆನ್ನಬಹುದು. ‘ಒಂದು ಕೊಡಿ’ ಎಂಬ ಮಾತಿಗೆ ಒಂದು ಮಿಲಿಗ್ರಾಂ, ಒಂದು ಮಿಲಿಲೀಟರ್, ಒಂದು ಆಂಪ್ಯೂಲ್ ಎಂಬ ಮೂರು ಅರ್ಥಗಳು ಸಾಧ್ಯ.

### ಸಾರಾಂಶ ಹೇಳುವುದು

ನಾಯಕರು ಆಗಾಗ ಪರಿಸ್ಥಿತಿಯ ಸಾರಾಂಶವನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: ಎಷ್ಟು ಹೊತ್ತಾಯಿತು, ಎಷ್ಟು ವಿದ್ಯುದಾಘಾತ ಕೊಡಲಾಯಿತು, ಯಾವ ಔಷಧಿ ಎಷ್ಟು ಬಾರಿ ಹೋಯಿತು, ಹೃದಯ ನಿಲ್ಲಲು ಕಾರಣವೇನಿರಬಹುದು, ಮುಂದೇನು. ಕೊನೆಗೆ ‘ಯಾವುದಾದರೂ ಬಿಟ್ಟುಹೋಗಿದೆಯೇ?’ ಎಂದು ಕೇಳುತ್ತಾರೆ. ಈ ಪ್ರಶ್ನೆ ಕಿರಿಯರಿಗೆ ಮಾತನಾಡಲು ಸಿಗುವ ಆಹ್ವಾನ. ತೀವ್ರ ರಕ್ತಸ್ರಾವ, ಆಮ್ಲಜನಕದ ಕೊರತೆ, ಪೊಟ್ಯಾಸಿಯಂ ಏರಿಳಿತ, ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಳ್ಳುವುದು, ವಿಷಪ್ರಾಶನ ಮೊದಲಾದ ಸರಿಪಡಿಸಬಹುದಾದ ಕಾರಣಗಳು ಹೊಳೆಯುವುದು ಅನೇಕ ವೇಳೆ ಇಂತಹ ಸಾರಾಂಶದ ಹೊತ್ತಿನಲ್ಲಿಯೇ.

### ವಿದ್ಯುದಾಘಾತದ ಹೊತ್ತಿನ ಮಾತು

ವಿದ್ಯುದಾಘಾತ ನೀಡುವಾಗ ಎದೆಯೊತ್ತುವುದನ್ನು ನಿಲ್ಲಿಸಲೇಬೇಕು. ಆದರೆ ಆ ವಿರಾಮ ಆದಷ್ಟು ಕಿರಿದಾಗಿರಬೇಕು. ಆದ್ದರಿಂದ ಯಂತ್ರ ವಿದ್ಯುತ್ ತುಂಬಿಕೊಳ್ಳುವವರೆಗೂ ಒತ್ತುವುದನ್ನು ಮುಂದುವರಿಸಿ, ‘ಎಲ್ಲರೂ ದೂರ ಸರಿಯಿರಿ’ ಎಂಬ ಘೋಷಣೆಯೊಂದಿಗೆ ಕೈಬಿಡುತ್ತಾರೆ. ಯಾರೂ ಹಾಸಿಗೆಯನ್ನು ಮುಟ್ಟಿಲ್ಲವೆಂದು, ಆಮ್ಲಜನಕದ ಹರಿವನ್ನು ದೂರ ಸರಿಸಲಾಗಿದೆಯೆಂದು ನಿರ್ವಾಹಕರು ಕಣ್ಣಾರೆ ನೋಡಿ ಗುಂಡಿ ಒತ್ತುತ್ತಾರೆ. ಅದು ಮುಗಿದ ತಕ್ಷಣ, ಪರದೆಯನ್ನು ನೋಡುತ್ತ ನಿಲ್ಲದೆ ಎದೆಯೊತ್ತುವಿಕೆ ಪುನರಾರಂಭವಾಗುತ್ತದೆ. ಈ ಮಾತುಗಳು ಮೊದಲೇ ನಿಶ್ಚಿತವಾಗಿದ್ದರೆ ಇಡೀ ಕ್ರಿಯೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ.

### ಸಂಶಯವನ್ನು ಹೇಳುವುದು

ಹಿರಿಯರ ನಿರ್ಧಾರ ತಪ್ಪಾಗಿ ಕಂಡಾಗ ಕಿರಿಯರು ಅದನ್ನು ಹೇಳುವುದು ತಂಡದ ಕೆಲಸದಲ್ಲಿ ಅತ್ಯಂತ ಕಠಿಣವಾದ ಭಾಗ. ಇದಕ್ಕಾಗಿ ಮೆಟ್ಟಿಲು ಮೆಟ್ಟಿಲಾಗಿ ಒತ್ತು ಹೆಚ್ಚಿಸುವ ಮಾತಿನ ಕ್ರಮವನ್ನು ಕಲಿಸಲಾಗುತ್ತದೆ. ಮೊದಲು ‘ಸರ್, ನನಗೆ ಆತಂಕವಾಗುತ್ತಿದೆ’ ಎಂದು ಗಮನ ಸೆಳೆಯುವುದು. ಬಳಿಕ ‘ಇದು ಸರಿ ಎನಿಸುತ್ತಿಲ್ಲ, ಆಮ್ಲಜನಕದ ಮಟ್ಟ ಇಳಿಯುತ್ತಲೇ ಇದೆ’ ಎಂದು ಕಾರಣ ಸಹಿತ ಹೇಳುವುದು. ಆಗಲೂ ಉತ್ತರ ಬಾರದಿದ್ದರೆ ‘ಇದು ರೋಗಿಯ ಸುರಕ್ಷತೆಯ ಪ್ರಶ್ನೆ, ದಯವಿಟ್ಟು ನಿಲ್ಲಿಸಿ’ ಎಂದು ಸ್ಪಷ್ಟಪಡಿಸುವುದು. ಮೊದಲ ಸಲ ಹೇಳಿದ್ದು ಕೇಳಿಸದಿದ್ದರೆ ಕನಿಷ್ಠ ಇನ್ನೊಮ್ಮೆ ಹೇಳಲೇಬೇಕೆಂಬ ‘ಎರಡು ಬಾರಿ ಹೇಳುವ ನಿಯಮ’ವೂ ವಿಮಾನಯಾನ ಕ್ಷೇತ್ರದಿಂದ ಬಂದದ್ದು.

ಸಲಕರಣೆ ಸಿದ್ಧವಿದೆ ಎಂದು ಹೇಳುವುದಕ್ಕೂ, ಈಗ ಅದನ್ನು ಬಳಸಬೇಕು ಎಂದು ಹೇಳುವುದಕ್ಕೂ ಇರುವ ಅಂತರವನ್ನು ಬ್ರೊಮಿಲಿ ಪ್ರಕರಣ ತೋರಿಸುತ್ತದೆ. ಹೇಳುವವರ ಧೈರ್ಯವೊಂದೇ ಇಲ್ಲಿ ಸಾಲದು. ಕೇಳುವವರ ವರ್ತನೆಯೂ ಅಷ್ಟೇ ಮುಖ್ಯ. ಒಮ್ಮೆ ಗದರಿಸಿಕೊಂಡ ಕಿರಿಯರು ಮತ್ತೊಮ್ಮೆ ಬಾಯಿ ತೆರೆಯಲು ಹಿಂಜರಿಯುತ್ತಾರೆ. ಪರಸ್ಪರ ಗೌರವವನ್ನು ತಂಡದ ಕಾರ್ಯದ ಮೂಲಾಂಶಗಳಲ್ಲಿ ಒಂದಾಗಿ ಪಟ್ಟಿ ಮಾಡಿರುವುದು ಇದೇ ಕಾರಣಕ್ಕೆ.

### ವಿವರ ಒಪ್ಪಿಸುವುದು

ರೋಗಿಯನ್ನು ಒಂದು ತಂಡ ಇನ್ನೊಂದು ತಂಡಕ್ಕೆ ಒಪ್ಪಿಸುವಾಗ ‘ಎಸ್‌ಬಿಎಆರ್’ ಎಂಬ ಕ್ರಮವನ್ನು ಬಳಸುತ್ತಾರೆ. ಸದ್ಯದ ಸ್ಥಿತಿ, ಹಿನ್ನೆಲೆ, ಹೇಳುವವರ ಅಂದಾಜು ಮತ್ತು ಶಿಫಾರಸು ಎಂಬ ನಾಲ್ಕು ಭಾಗಗಳು ಇದರಲ್ಲಿವೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ರೂಪುಗೊಂಡ ಈ ಕ್ರಮವನ್ನು ಕೈಸರ್ ಪರ್ಮನೆಂಟೆ ಸಂಸ್ಥೆ ಆಸ್ಪತ್ರೆಗಳಿಗೆ ಅಳವಡಿಸಿತು. ಶಿಫಾರಸು ಎಂಬ ನಾಲ್ಕನೆಯ ಭಾಗ, ವರದಿ ಒಪ್ಪಿಸುವ ಕಿರಿಯರಿಗೂ ತಮ್ಮ ಅಭಿಪ್ರಾಯ ಹೇಳಲು ಅಧಿಕೃತ ಅವಕಾಶ ನೀಡುತ್ತದೆ.

## ಸಾಮಾನ್ಯ ದೋಷಗಳು

* ಗಮನ ಅಂಟಿಕೊಳ್ಳುವುದು: ಕೈಗೂಡದ ಒಂದೇ ಪ್ರಯತ್ನವನ್ನು ಮತ್ತೆ ಮತ್ತೆ ಮಾಡುತ್ತ, ಕಳೆದ ಸಮಯದ ಪರಿವೆ ಇಲ್ಲದಿರುವುದು. ಒತ್ತಡದಲ್ಲಿರುವ ಮನಸ್ಸಿಗೆ ಕಾಲ ನಿಧಾನವಾಗಿ ಸಾಗಿದಂತೆ ಭಾಸವಾಗಬಹುದು. ಸಮಯಪಾಲಕರು ಗಟ್ಟಿಯಾಗಿ ನಿಮಿಷಗಳನ್ನು ಹೇಳುವುದು ಇದಕ್ಕೆ ಪರಿಹಾರ.
* ಗಾಳಿಗೆ ಹೇಳುವುದು: ‘ಯಾರಾದರೂ ರಕ್ತ ತರಿಸಿ’ ಎಂಬಂತಹ, ನಿರ್ದಿಷ್ಟ ವ್ಯಕ್ತಿಯನ್ನು ಉದ್ದೇಶಿಸದ ಸೂಚನೆ.
* ಒಟ್ಟಿಗೆ ಹಲವು ಸೂಚನೆ: ಒಬ್ಬರಿಗೆ ಒಂದೇ ಉಸಿರಿನಲ್ಲಿ ನಾಲ್ಕು ಕೆಲಸ ಹೇಳುವುದು. ಮೊದಲನೆಯದು ಮುಗಿದ ವರದಿ ಬಂದ ಬಳಿಕ ಎರಡನೆಯದನ್ನು ಹೇಳುವುದು ಉತ್ತಮ.
* ಕೂಗಾಟ: ನಾಯಕರು ಕಿರುಚಿದರೆ ಉಳಿದವರ ದನಿಯೂ ಏರುತ್ತದೆ. ಸ್ಪಷ್ಟವಾದ, ಹತೋಟಿಯಲ್ಲಿರುವ ದನಿ ಹೆಚ್ಚು ದೂರ ತಲುಪುತ್ತದೆ.
* ಅವಸರದ ಆರಂಭ: ಪರಿಸ್ಥಿತಿ ಜಟಿಲವಾದಾಗ ಎದೆಯೊತ್ತುವಿಕೆಯನ್ನು ನಿಲ್ಲಿಸದೆಯೇ 10 ಸೆಕೆಂಡು ಯೋಚಿಸಿ ಕೆಲಸ ಹಂಚಿಕೊಂಡರೆ ಮುಂದಿನ 10 ನಿಮಿಷ ಸುಗಮವಾಗುತ್ತದೆ ಎಂಬ ಸೂತ್ರವನ್ನು ಜರ್ಮನಿಯ ಮಾರ್ಕಸ್ ರಾಲ್ ಮತ್ತು ಸಂಗಡಿಗರು ಮುಂದಿಟ್ಟಿದ್ದಾರೆ.

## ರೋಗಿಯ ಬಂಧುಗಳೊಂದಿಗೆ ಸಂವಹನ

ಪುನಶ್ಚೇತನ ನಡೆಯುತ್ತಿರುವಾಗ ಬಾಗಿಲ ಹೊರಗೆ ನಿಂತವರಿಗೆ ಪ್ರತಿ ನಿಮಿಷವೂ ದೀರ್ಘವಾಗಿರುತ್ತದೆ. ತಂಡದ ಒಬ್ಬರು ಅವರೊಂದಿಗೆ ಇದ್ದು, ಅವರ ಭಾಷೆಯಲ್ಲಿ, ತಾಂತ್ರಿಕ ಪದಗಳಿಲ್ಲದೆ ಏನು ನಡೆಯುತ್ತಿದೆಯೆಂದು ತಿಳಿಸಬೇಕೆಂಬುದು ಸಾಮಾನ್ಯ ಸಲಹೆ. ಮನೆಗಳಲ್ಲಿ ನಡೆದ ಪುನಶ್ಚೇತನವನ್ನು ಕುರಿತು ಫ್ರಾನ್ಸಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಯಸಿದ ಬಂಧುಗಳಿಗೆ ಹತ್ತಿರ ಇರಲು ಅವಕಾಶ ನೀಡಿದಾಗ ಅವರಲ್ಲಿ ಆಘಾತೋತ್ತರ ಮಾನಸಿಕ ತೊಂದರೆ ಕಡಿಮೆಯಾಗಿತ್ತು ಮತ್ತು ವೈದ್ಯರ ಕೆಲಸಕ್ಕೆ ಅಡ್ಡಿಯಾಗಿರಲಿಲ್ಲ ಎಂದು ಕಂಡುಕೊಂಡಿತು. ಪ್ರಯತ್ನ ಫಲಿಸದಿದ್ದಾಗ ‘ತೀರಿಕೊಂಡರು’ ಎಂಬ ಮಾತನ್ನು ಸ್ಪಷ್ಟವಾಗಿಯೇ ಹೇಳಬೇಕು. ‘ಕೈಮೀರಿದೆ’, ‘ಏನೂ ಹೇಳಲಾಗದು’ ಎಂಬಂತಹ ಮಾತುಗಳು ಇನ್ನೂ ಆಸೆಯಿದೆಯೆಂಬ ತಪ್ಪು ಕಲ್ಪನೆಗೆ ಎಡೆಮಾಡುತ್ತವೆ.

## ತರಬೇತಿ ಮತ್ತು ಅವಲೋಕನ

ತಂಡದ ಕೌಶಲಗಳನ್ನು ಪುಸ್ತಕ ಓದಿ ಕಲಿಯಲಾಗದು. ಗೊಂಬೆಗಳನ್ನು ಬಳಸಿ ನೈಜ ಸನ್ನಿವೇಶವನ್ನು ಹೋಲುವ ಅಣಕು ಅಭ್ಯಾಸಗಳನ್ನು ನಡೆಸುವುದು ಮುಖ್ಯ ವಿಧಾನ. ವೈದ್ಯರು, ದಾದಿಯರು ಮತ್ತು ತಂತ್ರಜ್ಞರು ಪ್ರತ್ಯೇಕವಾಗಿ ಕಲಿಯದೆ ಒಟ್ಟಿಗೆ ಅಭ್ಯಾಸ ಮಾಡುವುದು ಅಪೇಕ್ಷಣೀಯ. ತಂಡದ ನಿರ್ವಹಣೆಯನ್ನು ಅಳೆಯಲು ಅಂಕಪಟ್ಟಿಗಳೂ ಬಳಕೆಯಲ್ಲಿವೆ.

ಪ್ರತಿ ಪುನಶ್ಚೇತನದ ನಂತರ ತಂಡ ಕೆಲವು ನಿಮಿಷ ಒಟ್ಟಿಗೆ ಕುಳಿತು ಚರ್ಚಿಸುವುದನ್ನು ಅವಲೋಕನ ಎನ್ನುತ್ತಾರೆ. ಯಾವುದು ಚೆನ್ನಾಗಿ ನಡೆಯಿತು, ಎಲ್ಲಿ ತಡವಾಯಿತು, ಮುಂದಿನ ಸಲ ಏನನ್ನು ಬದಲಿಸಬೇಕು ಎಂಬ ಮೂರು ಪ್ರಶ್ನೆಗಳು ಇದಕ್ಕೆ ಸಾಕು. ತಪ್ಪಿತಸ್ಥರನ್ನು ಹುಡುಕುವ ಸಭೆಯಾಗಿ ಇದು ಮಾರ್ಪಟ್ಟರೆ ಉದ್ದೇಶ ಕೆಡುತ್ತದೆ. ರೋಗಿ ಉಳಿಯದ ಸಂದರ್ಭದಲ್ಲಿ ಸಿಬ್ಬಂದಿಯ, ಅದರಲ್ಲೂ ವಿದ್ಯಾರ್ಥಿಗಳ, ದುಃಖ ಮತ್ತು ಅಪರಾಧಿ ಪ್ರಜ್ಞೆಗೆ ಮಾತು ದೊರೆಯುವ ಸ್ಥಳವೂ ಇದೇ.

## ಭಾರತದಲ್ಲಿ

ಭಾರತೀಯ ಅರಿವಳಿಕೆ ತಜ್ಞರ ಸಂಘದ ಆಶ್ರಯದಲ್ಲಿ ರೂಪುಗೊಂಡ ಭಾರತೀಯ ಪುನಶ್ಚೇತನ ಮಂಡಳಿಯ ಮಾರ್ಗಸೂಚಿಗಳು 2017ರಲ್ಲಿ ಪ್ರಕಟವಾದವು. ಜನಸಾಮಾನ್ಯರಿಗೆ ಎದೆಯೊತ್ತುವಿಕೆಯನ್ನಷ್ಟೇ ಕಲಿಸುವ ‘ಕೋಲ್ಸ್’, ಆಸ್ಪತ್ರೆಯ ಹೊರಗಿನ ತರಬೇತಾದ ಸಿಬ್ಬಂದಿಗಾಗಿ ‘ಬಿಸಿಎಲ್ಎಸ್’ ಮತ್ತು ಆಸ್ಪತ್ರೆಯೊಳಗಿನ ತಂಡಗಳಿಗಾಗಿ ‘ಸಿಸಿಎಲ್ಎಸ್’ ಎಂಬ ಮೂರು ಹಂತಗಳನ್ನು ಇವು ಒಳಗೊಂಡಿವೆ. ಆಸ್ಪತ್ರೆಗಳ ಗುಣಮಟ್ಟವನ್ನು ಮಾನ್ಯಮಾಡುವ ಎನ್‌ಎಬಿಎಚ್ ಸಂಸ್ಥೆಯ ಮಾನದಂಡಗಳ ಪ್ರಕಾರ ಸಿಪಿಆರ್ ಘಟನೆಗಳನ್ನು ದಾಖಲಿಸಿ, ಬಳಿಕ ವಿಶ್ಲೇಷಿಸಬೇಕು.

ಭಾಷೆಯ ವೈವಿಧ್ಯ ಇಲ್ಲಿನ ತಂಡಗಳ ವಿಶೇಷ ಸವಾಲು. ಬೆಂಗಳೂರು, ಮಂಗಳೂರಿನಂತಹ ನಗರಗಳ ಆಸ್ಪತ್ರೆಗಳಲ್ಲಿ ಕನ್ನಡ, ತುಳು, ಮಲಯಾಳಂ, ಹಿಂದಿ ಮಾತನಾಡುವವರು ಒಂದೇ ಹಾಸಿಗೆಯ ಸುತ್ತ ಸೇರುವುದು ಸಾಮಾನ್ಯ. ಔಷಧಿಯ ಹೆಸರು, ಪ್ರಮಾಣ ಮತ್ತು ಘೋಷಣೆಗಳಿಗೆ ಯಾವ ಭಾಷೆಯ ಮಾತನ್ನು ಬಳಸಬೇಕೆಂದು ತಂಡ ಮೊದಲೇ ಗೊತ್ತುಮಾಡಿಕೊಂಡರೆ ಗೊಂದಲ ತಪ್ಪುತ್ತದೆ. ಮರುನುಡಿಯುವ ಕ್ರಮ ಇಂತಹ ತಂಡಗಳಿಗೆ ಇನ್ನಷ್ಟು ಉಪಯುಕ್ತ, ಏಕೆಂದರೆ ತಪ್ಪಾಗಿ ಕೇಳಿಸಿಕೊಂಡದ್ದು ಅಲ್ಲಿಯೇ ಬಯಲಾಗುತ್ತದೆ.

## ಆಸ್ಪತ್ರೆಯ ಹೊರಗೆ

ಹೃದಯಸ್ತಂಭನ ಬಹಳಷ್ಟು ಬಾರಿ ಮನೆಯಲ್ಲಿ ಅಥವಾ ಬೀದಿಯಲ್ಲಿ ಸಂಭವಿಸುತ್ತದೆ. ಅಲ್ಲಿ ಸೇರಿದ ಅಪರಿಚಿತರೇ ಮೊದಲ ತಂಡ. ಗುಂಪಿನಲ್ಲಿ ‘ಯಾರಾದರೂ ಆಂಬುಲೆನ್ಸ್ ಕರೆಯಿರಿ’ ಎಂದು ಕೂಗಿದರೆ ಬೇರೆಯವರು ಕರೆದಿರುತ್ತಾರೆಂದು ಪ್ರತಿಯೊಬ್ಬರೂ ಭಾವಿಸಬಹುದು. ‘ನೀಲಿ ಅಂಗಿ ತೊಟ್ಟ ನೀವು 108ಕ್ಕೆ ಕರೆಮಾಡಿ, ಮಾಡಿದ ಮೇಲೆ ನನಗೆ ಹೇಳಿ’ ಎಂಬ ಮಾತು ಕೆಲಸವನ್ನು ಒಬ್ಬರಿಗೆ ವಹಿಸಿ, ಮುಗಿದ ವರದಿಯನ್ನೂ ಕೇಳುತ್ತದೆ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆಯು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು.

ಒಬ್ಬರು ಎದೆ ಒತ್ತುವಾಗ ಇನ್ನೊಬ್ಬರು ಎಣಿಸುವುದು, 2 ನಿಮಿಷಕ್ಕೆ ಕೈ ಬದಲಿಸುವುದು, ಮತ್ತೊಬ್ಬರು ರಸ್ತೆಯ ತಿರುವಿನಲ್ಲಿ ನಿಂತು ಆಂಬುಲೆನ್ಸಿಗೆ ದಾರಿ ತೋರುವುದು — ಇಷ್ಟು ಹಂಚಿಕೆ ತರಬೇತಿ ಇಲ್ಲದವರಿಂದಲೂ ಸಾಧ್ಯ. ಎದೆಯೊತ್ತುವಿಕೆ ಮತ್ತು ವಿದ್ಯುದಾಘಾತ ತಡವಾದಂತೆ ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಸುಮಾರು ಶೇಕಡ 7ರಿಂದ 10ರಷ್ಟು ಕುಗ್ಗುತ್ತದೆ. ಆದ್ದರಿಂದ ಆಂಬುಲೆನ್ಸ್ ಬರುವ ಮುನ್ನ ಅಲ್ಲಿದ್ದವರು ಕೆಲಸ ಹಂಚಿಕೊಳ್ಳುವ ಬಗೆಯೇ ಅನೇಕ ವೇಳೆ ರೋಗಿಯ ಅಳಿವು ಉಳಿವನ್ನು ನಿರ್ಧರಿಸುತ್ತದೆ.